ಬೊಚ್ಚೆ ಕಲಿಯುವವರಿಗೆ: ಮೊದಲು ಹದ, ಆಮೇಲೆ ಗುರಿ

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಬೊಚ್ಚೆ ತಂಡ ಕಟ್ಟಿದ್ದಾರೆ. ಒಬ್ಬರು ಕಡಿಮೆ ಬಿದ್ದರು ಅಂತ ನನ್ನನ್ನೂ ಸೇರಿಸಿಕೊಂಡರು. ಮೂರು ಸಲ ಆಡಿದ್ದೇನೆ. ನನ್ನ ಚೆಂಡು ಒಂದೋ ಆಟದ ಅಂಕಣದ ಹಿಂದಿನ ಹಲಗೆಗೆ ಹೋಗಿ ಬಡಿಯುತ್ತದೆ, ಇಲ್ಲವೇ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಯಾರ ಸರದಿ ಯಾವಾಗ ಬರುತ್ತದೆ ಅನ್ನೋದೂ ಸರಿಯಾಗಿ ಅರ್ಥವಾಗಿಲ್ಲ. ನನಗೆ 46 ವರ್ಷ. ಶಾಲೆ ಬಿಟ್ಟ ಮೇಲೆ ಯಾವ ಆಟವನ್ನೂ ಆಡಿದವಳಲ್ಲ. ನನ್ನಿಂದ ತಂಡ ಸೋಲಬಾರದು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಮಾತು ನನಗೆ ತುಂಬಾ ಖುಷಿ ಕೊಟ್ಟಿತು. ಚೆಂಡು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು ಅಂತ ನೀವು ಬರೆದಿಲ್ಲ. ಜಾಸ್ತಿ ದೂರ ಹೋಗುತ್ತದೆ, ಇಲ್ಲವೇ ಕಡಿಮೆ ಹೋಗುತ್ತದೆ ಅಂತ ಬರೆದಿದ್ದೀರಿ. ತೊಂದರೆ ಎಲ್ಲಿದೆಯೋ ಅದನ್ನೇ ಹಿಡಿದಿದ್ದೀರಿ. ಹೊಸಬರಲ್ಲಿ ಹೆಚ್ಚಿನವರು ದಿಕ್ಕನ್ನೇ ನೋಡುತ್ತಾ ಕೂರುತ್ತಾರೆ. ಬೊಚ್ಚೆಯಲ್ಲಿ ಸೋಲು ಗೆಲುವು ಜಾಸ್ತಿ ತೀರ್ಮಾನವಾಗುವುದು ದಿಕ್ಕಿನಿಂದಲ್ಲ, ಹದದಿಂದ, ಅಂದರೆ ಚೆಂಡಿಗೆ ಎಷ್ಟು ವೇಗ ಕೊಡುತ್ತೀರಿ ಅನ್ನುವುದರಿಂದ. ದೂರದ ಒಂದು ಪುಟ್ಟ ಚೆಂಡಿನ ಹತ್ತಿರಕ್ಕೆ ದೊಡ್ಡ ಚೆಂಡುಗಳನ್ನು ಉರುಳಿಸಿ ನಿಲ್ಲಿಸುವುದೇ ಈ ಆಟ.

ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಸಮತಟ್ಟಾದ ನೆಲದ ಮೇಲೆ ಉರುಳುವ ಚೆಂಡು ಎಷ್ಟು ದೂರ ಹೋಗುತ್ತದೆ ಅನ್ನುವುದು ವೇಗದ ವರ್ಗಕ್ಕೆ (ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇರುತ್ತದೆ. ಅಂದರೆ ವೇಗ ಶೇ 10ರಷ್ಟು ಹೆಚ್ಚಾದರೆ ದೂರ ಶೇ 21ರಷ್ಟು ಹೆಚ್ಚಾಗುತ್ತದೆ. 15 ಮೀಟರ್ ದೂರದ ಗುರಿಗೆ ಬಿಟ್ಟ ಚೆಂಡು 18 ಮೀಟರ್ ದಾಟಿ ನಿಲ್ಲುತ್ತದೆ. ವೇಗ ಶೇ 10ರಷ್ಟು ಕಡಿಮೆಯಾದರೆ 12 ಮೀಟರಿನ ಆಸುಪಾಸಿನಲ್ಲೇ ಸುಸ್ತಾಗುತ್ತದೆ. ಎರಡೂ ಕಡೆ ಮೂರು ಮೂರು ಮೀಟರ್ ತಪ್ಪು! ಈಗ ದಿಕ್ಕನ್ನು ನೋಡಿ. ನಿಮ್ಮ ಕೈ ಎರಡು ಡಿಗ್ರಿ ವಾಲಿದರೆ ಅದೇ 15 ಮೀಟರಿನಲ್ಲಿ ಚೆಂಡು ಪಕ್ಕಕ್ಕೆ ಸರಿಯುವುದು ಅರ್ಧ ಮೀಟರ್ ಮಾತ್ರ. ಸಣ್ಣ ತಪ್ಪಿಗೆ ಹದ ಕೊಡುವ ಶಿಕ್ಷೆ ದಿಕ್ಕು ಕೊಡುವುದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೇ ನಿಮ್ಮ ಚೆಂಡು ಹಲಗೆಗೆ ಬಡಿಯುತ್ತಿದೆ. ನಿಮ್ಮ ಕೈ ಕೆಟ್ಟದಾಗಿಲ್ಲ. ಅದಕ್ಕೆ ಇನ್ನೂ ಅಳತೆ ಸಿಕ್ಕಿಲ್ಲ, ಅಷ್ಟೇ.

ಹದದ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಸರದಿಯ ಗೊಂದಲ ಬಿಡಿಸೋಣ. ಅದು ಗೊತ್ತಿಲ್ಲದೆ ಅಂಕಣದಲ್ಲಿ ನಿಲ್ಲುವುದು ಕಷ್ಟ.

ಆಟಕ್ಕೆ ಎಂಟು ದೊಡ್ಡ ಚೆಂಡುಗಳು, ಒಂದು ಪುಟ್ಟ ಚೆಂಡು. ಒಂದೊಂದು ತಂಡಕ್ಕೆ ಒಂದು ಬಣ್ಣದ ನಾಲ್ಕು ಚೆಂಡು. ಪುಟ್ಟ ಚೆಂಡಿನ ಹೆಸರು ಪಲ್ಲೀನೊ. ಆಟ ಇಟಲಿಯದು, ಹೆಸರೂ ಅಲ್ಲಿಯದೇ. ಇಟಲಿಯವರು ವಲಸೆ ಹೋದ ಕಡೆಗೆಲ್ಲ ಇದು ಅವರ ಜೊತೆಗೇ ಹೋಯಿತು. ಅರ್ಜೆಂಟೀನಾದಲ್ಲಿ ಇದನ್ನು ಬೋಚಾಸ್ ಅನ್ನುತ್ತಾರೆ. ಕೆಲವರು ಬೋಚಿ, ಬಾಚಿ ಅಂತಲೂ ಬರೆಯುತ್ತಾರೆ. ಎಲ್ಲ ಒಂದೇ.

ಟಾಸ್ ಗೆದ್ದ ತಂಡ ಪಲ್ಲೀನೊ ಉರುಳಿಸುತ್ತದೆ. ಅದು ಅಂಕಣದ ಮಧ್ಯಗೆರೆ ದಾಟಿ ನಿಲ್ಲಬೇಕು. ಅದೇ ತಂಡ ಮೊದಲ ದೊಡ್ಡ ಚೆಂಡನ್ನೂ ಬಿಡುತ್ತದೆ. ಆಮೇಲೆ ಎದುರಾಳಿ. ಇಲ್ಲಿಂದ ಮುಂದೆಯೇ ಎಲ್ಲರೂ ಗಲಿಬಿಲಿಯಾಗುವುದು. ನಾನೊಂದು, ನೀನೊಂದು ಅಂತ ಸರದಿ ನಡೆಯುವುದಿಲ್ಲ. ಪಲ್ಲೀನೊಗೆ ಯಾರ ಚೆಂಡು ದೂರವಿದೆಯೋ ಅವರೇ ಬಿಡಬೇಕು. ಹತ್ತಿರ ಬರುವವರೆಗೂ ಬಿಡುತ್ತಲೇ ಇರಬೇಕು, ಇಲ್ಲವೇ ಅವರ ಚೆಂಡು ಮುಗಿಯಬೇಕು. ಹತ್ತಿರ ಬಂದ ಕೂಡಲೇ ಸರದಿ ಆಚೆ ತಂಡಕ್ಕೆ ಹೋಗುತ್ತದೆ. ಹೀಗಾಗಿ ಒಂದು ತಂಡದ ನಾಲ್ಕೂ ಚೆಂಡು ಖಾಲಿಯಾಗಿ, ಇನ್ನೊಂದು ತಂಡದ ಕೈಯಲ್ಲಿ ಮೂರು ಉಳಿದಿರುವುದು ಸಾಮಾನ್ಯ. ಆಗ ಆ ಮೂರನ್ನೂ ಅವರು ನೆಮ್ಮದಿಯಾಗಿ ಬಿಡುತ್ತಾರೆ. ನಿಮ್ಮ ಸರದಿ ಯಾವಾಗ ಅಂತ ಗೊತ್ತಾಗಬೇಕಾದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಹತ್ತಿರ ಇರುವುದು ಯಾರ ಬಣ್ಣ? ನಿಮ್ಮದಲ್ಲ ಅಂದರೆ ನಿಮ್ಮ ತಂಡವೇ ಬಿಡಬೇಕು.

ಎಂಟೂ ಮುಗಿದ ಮೇಲೆ ಅಂಕ. ಒಂದು ಸುತ್ತಿನಲ್ಲಿ ಒಂದೇ ತಂಡಕ್ಕೆ ಅಂಕ ಸಿಗುತ್ತದೆ. ಕೆಂಪು ತಂಡದ ಚೆಂಡುಗಳು ಪಲ್ಲೀನೊದಿಂದ 12, 20, 35 ಸೆಂಟಿಮೀಟರ್ ದೂರದಲ್ಲಿವೆ ಅಂದುಕೊಳ್ಳಿ, ನಾಲ್ಕನೆಯದು ಎಲ್ಲೋ ಹೋಗಿದೆ. ಹಸಿರು ತಂಡದ ಅತಿ ಹತ್ತಿರದ ಚೆಂಡು 28ರಲ್ಲಿದೆ. ಆಗ 28ಕ್ಕಿಂತ ಒಳಗಿರುವ ಎರಡು ಕೆಂಪು ಚೆಂಡಿಗೆ ಎರಡು ಅಂಕ. ಹಸಿರಿಗೆ ಸೊನ್ನೆ. ಎರಡೂ ತಂಡದ ಹತ್ತಿರದ ಚೆಂಡುಗಳು ಸರಿಸಮ ದೂರದಲ್ಲಿದ್ದರೆ ಆ ಸುತ್ತಿಗೆ ಯಾರಿಗೂ ಅಂಕವಿಲ್ಲ. ಆಟ 11, 12, 13 ಇಲ್ಲವೇ 15 ಅಂಕಕ್ಕೆ ಮುಗಿಯುತ್ತದೆ, ಆಡುವ ಜಾಗದ ರೂಢಿ ನೋಡಿಕೊಳ್ಳಬೇಕು. ಪಲ್ಲೀನೊಗೆ ಚೆಂಡು ಮುಟ್ಟಿಕೊಂಡು ನಿಂತರೆ ಎರಡು ಅಂಕ ಕೊಡುವ ಪದ್ಧತಿ ಕೆಲವು ಕಡೆ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ, ಆಟದ ತೂಕ ಅದೃಷ್ಟದ ಕಡೆಗೆ ವಾಲಿಬಿಡುತ್ತದೆ. ಆದರೆ ಆಡುವವರೆಲ್ಲ ಒಪ್ಪಿದ್ದರೆ ಆಡಿ.

ಇನ್ನೊಂದು ವಿಷಯ. ಪಲ್ಲೀನೊ ಒಂದೇ ಜಾಗಕ್ಕೆ ಅಂಟಿಕೊಂಡಿರುವುದಿಲ್ಲ. ಚೆಂಡು ತಗಲಿದರೆ ಅದು ಸರಿಯುತ್ತದೆ. ಸರಿದ ಜಾಗವೇ ಹೊಸ ಗುರಿ. ಗೆದ್ದೆವು ಅಂದುಕೊಂಡ ಸುತ್ತು ಕೊನೆಯ ಚೆಂಡಿನಲ್ಲಿ ತಿರುಗಿಬಿಡುತ್ತದೆ. ನನಗೆ ಈ ಆಟ ಹಿಡಿಸಿದ್ದೇ ಇದರಿಂದ.

ಈಗ ನಿಮ್ಮ ಕೈಗೆ ಬರೋಣ.

ದೊಡ್ಡ ಚೆಂಡು ಸುಮಾರು 107 ಮಿಲಿಮೀಟರ್ ಅಗಲ, ಸುಮಾರು 920 ಗ್ರಾಂ ತೂಕ. ಒಂದು ಕಿಲೋಗೆ ಸ್ವಲ್ಪ ಕಡಿಮೆ. ಇಷ್ಟು ತೂಕದ ವಸ್ತುವನ್ನು ತೋಳಿನ ಬಲದಿಂದ ತಳ್ಳಲು ಹೋದರೆ ಪ್ರತಿ ಸಲವೂ ಬೇರೆ ಬೇರೆ ವೇಗ ಬರುತ್ತದೆ. ಒಂದು ಸಲ ಹುಮ್ಮಸ್ಸಿನಲ್ಲಿ ಜೋರಾಗಿ ಬಿಡುತ್ತೀರಿ. ಅದು ಹಲಗೆಗೆ ಹೋಗುತ್ತದೆ. ಮುಂದಿನ ಸಲ ಹೆದರಿ ಕೈ ಹಿಡಿಯುತ್ತೀರಿ. ಅದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ನಿಮಗೆ ಆಗುತ್ತಿರುವುದು ಇದೇ ಇರಬೇಕು, ಅಲ್ವಾ?

ಬಲ ಬಿಟ್ಟುಬಿಡಿ. ಕೈಯನ್ನು ಗೋಡೆ ಗಡಿಯಾರದ ಲೋಲಕದ ಹಾಗೆ ತೂಗಿ. ಅಂಗೈ ಮೇಲಕ್ಕಿರಲಿ, ಚೆಂಡು ಬೆರಳುಗಳ ಬುಡದಲ್ಲಿ ಕೂತಿರಲಿ, ಹೆಬ್ಬೆರಳು ಪಕ್ಕಕ್ಕೆ ಆಸರೆಯಾಗಿರಲಿ. ಬಿಗಿಯಾಗಿ ಹಿಚುಕಬೇಡಿ. ಕೈ ಹಿಂದಕ್ಕೆ ಹೋಗಲಿ, ಚೆಂಡಿನ ತೂಕವೇ ಅದನ್ನು ಕೆಳಕ್ಕೆ ತರಲಿ. ಕೈ ಕಾಲ ಹಿಮ್ಮಡಿಯ ಎತ್ತರಕ್ಕೆ ಬಂದಾಗ ಚೆಂಡು ಬಿಡಿ. ಕೈ ಅಲ್ಲಿಗೇ ನಿಲ್ಲಬಾರದು, ಗುರಿಯ ಕಡೆಗೆ ಮೇಲಕ್ಕೆ ಹೋಗಬೇಕು.

ಇದರಲ್ಲಿ ಒಂದು ಸೊಗಸಿದೆ. ಕೈಗೆ ಬಲ ಹಾಕದೆ ತೂಕದಿಂದಲೇ ತೂಗಿದರೆ, ಚೆಂಡು ಹೋಗುವ ದೂರ ನೀವು ಅದನ್ನು ಹಿಂದೆ ಎಷ್ಟು ಎತ್ತರಕ್ಕೆ ಒಯ್ದಿರೋ ಹೆಚ್ಚುಕಡಿಮೆ ಅದಕ್ಕೆ ತಕ್ಕಂತೆ ಇರುತ್ತದೆ. ಎತ್ತರ ಎರಡು ಪಟ್ಟಾದರೆ ದೂರವೂ ಎರಡು ಪಟ್ಟಿನ ಹತ್ತಿರ ಬರುತ್ತದೆ. ಮೇಲೆ ಹೇಳಿದ ವೇಗದ ವರ್ಗದ ಕಾಟ ಇಲ್ಲಿ ಕಾಣುವುದಿಲ್ಲ. ಬಲವನ್ನು ಅಳೆಯಲು ನಮ್ಮ ದೇಹಕ್ಕೆ ಬರುವುದಿಲ್ಲ. ಎತ್ತರವನ್ನು ಅಳೆಯಲು ಬರುತ್ತದೆ. ಮಂಡಿಯ ಎತ್ತರ, ತೊಡೆಯ ನಡು, ಸೊಂಟ, ಹೀಗೆ ಮೂರು ಗುರುತು ಇಟ್ಟುಕೊಳ್ಳಿ. ಒಂದೊಂದು ಗುರುತಿಗೆ ಚೆಂಡು ಎಷ್ಟು ದೂರ ಹೋಗುತ್ತದೆ ನೋಡಿ. ಹೊಸ ಅಂಕಣಕ್ಕೆ ಹೋದಾಗಲೂ ನಾನು ಮೊದಲು ಮಾಡುವ ಕೆಲಸ ಇದೇ.

ಬಲಗೈಯವರಾದರೆ ಎಡಗಾಲು ಮುಂದೆ ಇಡಿ. ಒಂದು ಹೆಜ್ಜೆ ಸಾಕು. ಫೌಲ್ ಗೆರೆ ಮೆಟ್ಟಬೇಡಿ. ಬಗ್ಗುವುದು ಸೊಂಟದಿಂದಲ್ಲ, ಮಂಡಿಯಿಂದ. ಇದನ್ನು ನಿಮಗೆ ಒತ್ತಿ ಹೇಳುತ್ತಿದ್ದೇನೆ. ಒಂದು ಆಟದಲ್ಲಿ ಹತ್ತು ಹದಿನೈದು ಸುತ್ತು ಆಗಬಹುದು. ಒಬ್ಬರೇ ನಾಲ್ಕು ಚೆಂಡು ಆಡಿದರೆ ನಲವತ್ತರಿಂದ ಅರವತ್ತು ಸಲ ಬಗ್ಗಬೇಕು, ಚೆಂಡು ಎತ್ತಿಕೊಳ್ಳಲು ಮತ್ತೆ ಅಷ್ಟೇ ಸಲ. ಬರೀ ಸೊಂಟ ಬಗ್ಗಿಸಿದರೆ ಮರುದಿನ ಏಳಲು ಆಗುವುದಿಲ್ಲ. ಮಂಡಿ ನೋವಿದ್ದರೆ ಪೂರ್ತಿ ಬಗ್ಗಬೇಡಿ. ಕೈ ಸ್ವಲ್ಪ ಮೇಲಿಂದ ಬಿಟ್ಟರೂ ಪರವಾಗಿಲ್ಲ, ಆದರೆ ಚೆಂಡು ದೊಪ್ಪನೆ ಬೀಳದ ಹಾಗೆ ಜಾರಿಸಿ ಬಿಡಿ. ಮೇಲಿಂದ ಬಿದ್ದ ಚೆಂಡು ಪುಟಿಯುತ್ತದೆ. ಪುಟಿದಾಗ ಎಷ್ಟು ವೇಗ ಕಳೆದುಕೊಳ್ಳುತ್ತದೆ ಅಂತ ಯಾರಿಂದಲೂ ಹೇಳಲು ಆಗುವುದಿಲ್ಲ. ಹದ ಅಲ್ಲೇ ಕೆಡುತ್ತದೆ.

ಅಭ್ಯಾಸ ಹೇಗೆ? ಮೊದಲ ದಿನ ಪಲ್ಲೀನೊ ಮುಟ್ಟಲೇಬೇಡಿ. ನಾಲ್ಕು ಚೆಂಡು ತೆಗೆದುಕೊಂಡು ಮೊದಲನೆಯದನ್ನು ಸುಮ್ನೆ ಬಿಡಿ. ಅದು ಎಲ್ಲಾದರೂ ನಿಲ್ಲಲಿ. ಉಳಿದ ಮೂರನ್ನೂ ಅದೇ ದೂರಕ್ಕೆ ತನ್ನಿ. ಗುರಿ ಇಲ್ಲದಿರುವುದರಿಂದ ಮನಸ್ಸಿಗೆ ಒತ್ತಡವಿಲ್ಲ. ನಾಲ್ಕೂ ಒಂದು ಮೀಟರಿನ ಪಟ್ಟಿಯೊಳಗೆ ಬಂದರೆ ನಿಮ್ಮ ಕೈ ಒಂದೇ ರೀತಿ ತೂಗುತ್ತಿದೆ ಅಂತ ಅರ್ಥ. ಬರುವವರೆಗೂ ಇದನ್ನೇ ಮಾಡಿ. ಬೇಜಾರಾದರೂ ಮಾಡಿ.

ಅದು ಕೂತ ಮೇಲೆ ಮೆಟ್ಟಿಲು ಅಭ್ಯಾಸ. ಮೊದಲ ಚೆಂಡು ಸುಮಾರು 6 ಮೀಟರಿಗೆ. ಎರಡನೆಯದು ಅದನ್ನು ಸ್ವಲ್ಪವೇ ದಾಟಬೇಕು. ಮೂರನೆಯದು ಎರಡನೆಯದನ್ನು ಸ್ವಲ್ಪವೇ ದಾಟಬೇಕು. ನಾಲ್ಕನೆಯದೂ ಹಾಗೇ. ಆಮೇಲೆ ತಿರುವುಮುರುವು ಮಾಡಿ: ಮೊದಲು ದೂರ, ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ. ಈ ತಿರುವುಮುರುವು ಜಾಸ್ತಿ ಕಷ್ಟ, ಆದರೆ ಆಟದಲ್ಲಿ ಅದೇ ಜಾಸ್ತಿ ಉಪಯೋಗ. ಚೆಂಡು ಮುಂದೆ ಹೋಗಿಬಿಟ್ಟಾಗ, ಮುಂದಿನದನ್ನು ಎಷ್ಟು ತಗ್ಗಿಸಬೇಕು ಅಂತ ಕೈ ಕಲಿಯುವುದು ಅದರಿಂದಲೇ.

ಇದಾದ ಮೇಲೆ ಪಲ್ಲೀನೊ ಇಡಿ. ಆದರೆ ಕಣ್ಣು ಅದರ ಮೇಲೆ ಇರಬಾರದು. ಅದಕ್ಕಿಂತ ಒಂದು ಗೇಣು ಮುಂಚೆ, ನಿಮ್ಮ ಕಡೆಗೆ, ಚೆಂಡು ನಿಲ್ಲಬೇಕು ಅಂದುಕೊಂಡು ಬಿಡಿ. ಗೇಣು ಮುಂಚೆ ನಿಂತ ಚೆಂಡು ಎರಡು ಕೆಲಸ ಮಾಡುತ್ತದೆ. ಎದುರಾಳಿಗೆ ನೇರ ದಾರಿ ಮುಚ್ಚುತ್ತದೆ, ಅವರು ಸುತ್ತಿ ಬರಬೇಕು. ಯಾರಾದರೂ ಹಿಂದಿನಿಂದ ಬಂದು ತಳ್ಳಿದರೆ ಅದು ಪಲ್ಲೀನೊದ ಕಡೆಗೇ ಸರಿಯುತ್ತದೆ. ಗೇಣು ಆಚೆ ನಿಂತ ಚೆಂಡಿಗೆ ಈ ಭಾಗ್ಯ ಇಲ್ಲ. ದಾರಿ ಮುಚ್ಚುವುದಿಲ್ಲ, ತಗಲಿದರೆ ಇನ್ನೂ ದೂರ ಹೋಗುತ್ತದೆ. ಅದಕ್ಕೆ ಹೊಸಬರಿಗೆ ಹೇಳುವ ಮಾತು: ಕಡಿಮೆಯಾದರೆ ಆಗಲಿ, ದಾಟಬೇಡಿ. ಒಂದು ವಿನಾಯಿತಿ ಇದೆ. ಮುಂದೆ ಈಗಾಗಲೇ ನಿಮ್ಮ ಚೆಂಡು ಎರಡು ಇದ್ದರೆ, ಒಂದು ಹಿಂದೆ ಇರುವುದು ಒಳ್ಳೆಯದು. ಎದುರಾಳಿ ಪಲ್ಲೀನೊವನ್ನು ಹಿಂದಕ್ಕೆ ತಳ್ಳಿದರೆ ಅಲ್ಲಿ ನಿಮ್ಮವರೊಬ್ಬರು ಕಾಯುತ್ತಿರುತ್ತಾರೆ.

ನೆಲವನ್ನೂ ಓದಬೇಕು. ಹುಲ್ಲು ಚೆಂಡನ್ನು ಹಿಡಿಯುತ್ತದೆ, ಗಟ್ಟಿ ಮಣ್ಣು ಬಿಡುತ್ತದೆ, ಒದ್ದೆ ನೆಲ ಒಣ ನೆಲಕ್ಕಿಂತ ನಿಧಾನ. ಇಳಿಜಾರಿನ ಆಟ ಗೊತ್ತಾಗುವುದು ಚೆಂಡು ನಿಲ್ಲುವ ಹೊತ್ತಿಗೆ. ವೇಗವಿರುವಾಗ ನೇರ ಹೋಗುವ ಚೆಂಡು ಕೊನೆಯ ಒಂದೂವರೆ ಮೀಟರಿನಲ್ಲಿ ಎಡಕ್ಕೋ ಬಲಕ್ಕೋ ಎಳೆದುಕೊಳ್ಳುತ್ತದೆ. ಬೇರೆಯವರು ಬಿಡುವಾಗ ಮಾತಾಡುತ್ತಾ ನಿಲ್ಲಬೇಡಿ, ಅವರ ಚೆಂಡಿನ ಆ ಕೊನೆಯ ಒಂದೂವರೆ ಮೀಟರ್ ನೋಡಿ. ಎದುರಾಳಿಯೇ ನಿಮಗೆ ಪುಕ್ಕಟೆ ಪಾಠ ಹೇಳಿಕೊಡುತ್ತಿರುತ್ತಾರೆ.

ಪಲ್ಲೀನೊ ಉರುಳಿಸುವ ಅವಕಾಶ ನಿಮ್ಮ ತಂಡಕ್ಕೆ ಬಂದರೆ, ಮಧ್ಯಗೆರೆ ದಾಟಿಸಿ ಹತ್ತಿರವೇ ನಿಲ್ಲಿಸಲು ಹೇಳಿ. ವೇಗದಲ್ಲಿ ಅದೇ ಶೇ 10ರ ತಪ್ಪಾದರೂ 10 ಮೀಟರಿನಲ್ಲಿ ಎರಡು ಮೀಟರ್ ತಪ್ಪುತ್ತದೆ, 20 ಮೀಟರಿನಲ್ಲಿ ನಾಲ್ಕು. ಹೊಸಬರಿರುವ ತಂಡಕ್ಕೆ ಹತ್ತಿರದ ಗುರಿ ಲಾಭ.

ಹೊಡೆಯುವ ವಿಷಯಕ್ಕೆ ಬಂದರೆ, ಸ್ವಲ್ಪ ತಾಳಿ. ಬೊಚ್ಚೆಯಲ್ಲಿ ಮೂರು ಬಗೆಯ ಎಸೆತಗಳಿವೆ. ನಿಧಾನವಾಗಿ ಉರುಳಿಸಿ ಹತ್ತಿರ ನಿಲ್ಲಿಸುವುದು ಪುಂತೊ. ರಭಸದಿಂದ ಬಿಟ್ಟು ಎದುರಾಳಿಯ ಚೆಂಡನ್ನು ಸಿಡಿಸುವುದು ರಾಫ. ಗಾಳಿಯಲ್ಲಿ ಹಾರಿಸಿ ಹೊಡೆಯುವುದು ವೋಲೊ. ರಾಫ ಹೆಸರಿನದೇ ಒಂದು ಸ್ಪರ್ಧಾ ಪ್ರಕಾರವಿದೆ, ಅದರ ಅಂಕಣ 26.5 ಮೀಟರ್ ಉದ್ದ. ಮೊದಲ ಕೆಲವು ತಿಂಗಳು ನಿಮಗೆ ಪುಂತೊ ಸಾಕು. ವೋಲೊ ಬೇಡವೇ ಬೇಡ. ಒಂದು ಕಿಲೋ ತೂಕದ ಚೆಂಡು ತಪ್ಪಿ ಯಾರದಾದರೂ ಪಾದದ ಮೇಲೆ ಬಿದ್ದರೆ ಮೂಳೆ ಮುರಿಯಬಹುದು. ಯಾರೇ ಬಿಡುತ್ತಿರಲಿ, ಆಚೆ ತುದಿಯಲ್ಲಿ ಜನ ಅಂಕಣದೊಳಗೆ ನಿಂತಿದ್ದರೆ ಬಿಡುವುದು ಬೇಡ ಅಂತ ನೀವೇ ಧೈರ್ಯವಾಗಿ ಹೇಳಿ.

ರಾಫ ಕಲಿಯುವ ಆಸೆಯಾದಾಗ ಇಷ್ಟು ನೆನಪಿರಲಿ. ಸಮ ತೂಕದ ಚೆಂಡು ಎದುರಿಗಿನ ಚೆಂಡಿನ ನಟ್ಟನಡುವೆ ಬಡಿದರೆ ಎದುರಿನದು ಸಿಡಿದು ಹೋಗುತ್ತದೆ, ನಿಮ್ಮದು ಸ್ವಲ್ಪವೇ ಮುಂದೆ ಉರುಳಿ ಅದರ ಜಾಗದ ಹತ್ತಿರ ನಿಲ್ಲುತ್ತದೆ. ಅಂಚಿಗೆ ತಗಲಿದರೆ ಎರಡೂ ಬೇರೆ ಬೇರೆ ಕಡೆ ಹೋಗುತ್ತವೆ. ಪಲ್ಲೀನೊ ತುಂಬಾ ಹಗುರ, ಅದಕ್ಕೆ ತಗಲಿದರೆ ಎಲ್ಲಿಗೋ ಹಾರುತ್ತದೆ. ಹೊಡೆಯುವ ಮುಂಚೆ ನನ್ನ ತಂಡದವರಿಗೆ ಒಂದು ಪ್ರಶ್ನೆ ಕೇಳುತ್ತೇನೆ: ತಪ್ಪಿದರೆ ಏನಾಗುತ್ತದೆ? ಸುತ್ತಲೂ ನಮ್ಮದೇ ಚೆಂಡು ಇದ್ದರೆ ಹೊಡೆಯುವುದು ಬೇಡ. ಎದುರಾಳಿಯ ಚೆಂಡು ಒಂದೇ ಪಲ್ಲೀನೊಗೆ ಅಂಟಿಕೊಂಡು ಕೂತಿದ್ದರೆ, ಹೊಡೆಯದೆ ದಾರಿಯಿಲ್ಲ.

ಹಿಂದಿನ ಹಲಗೆಗೆ ಬಡಿಯುವ ನಿಮ್ಮ ಚೆಂಡಿನ ಬಗ್ಗೆ. ಅನೇಕ ಕಡೆ, ಬೇರೆ ಯಾವ ಚೆಂಡಿಗೂ ತಗಲದೆ ನೇರವಾಗಿ ಹಿಂದಿನ ಹಲಗೆಗೆ ಹೋದ ಚೆಂಡು ಸತ್ತ ಚೆಂಡು. ತೆಗೆದು ಪಕ್ಕಕ್ಕೆ ಇಡುತ್ತಾರೆ. ಅಂದರೆ ಗಿಡ್ಡ ಬಿದ್ದ ಚೆಂಡು ದಾರಿ ತಡೆಯಲಿಕ್ಕಾದರೂ ಆಗುತ್ತದೆ, ಹಲಗೆಗೆ ಹೋದದ್ದು ಯಾವುದಕ್ಕೂ ಆಗುವುದಿಲ್ಲ. ಪಕ್ಕದ ಹಲಗೆಗೆ ತಗಲಿಸಿ ತಿರುಗಿಸುವುದು ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ಕೇಳಿಕೊಳ್ಳಿ.

ಚೆಂಡು ಸ್ವಂತಕ್ಕೆ ಕೊಳ್ಳುವ ಅವಸರ ಬೇಡ. ಕೊಳ್ಳುವುದಾದರೆ ನೀವು ಆಡುವ ಅಂಕಣದಲ್ಲಿ ಬಳಸುವ ಅಳತೆಯದನ್ನೇ ಕೊಳ್ಳಿ. ಮನೆ ಅಂಗಳಕ್ಕೆ ಅಂತ ಮಾರುವ ಸಣ್ಣ, ಹಗುರ ಚೆಂಡಿನಲ್ಲಿ ಕಲಿತ ಹದ ಅಂಕಣದಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ಪೆಟಾಂಕ್ ಚೆಂಡು ಕೊಟ್ಟುಬಿಟ್ಟಾರು, ಜೋಪಾನ. ಅದು ಫ್ರಾನ್ಸಿನ ಆಟ, ಚೆಂಡು ಲೋಹದ್ದು, ಗಾತ್ರದಲ್ಲಿ ಚಿಕ್ಕದು, ಎರಡೂ ಪಾದ ಊರಿ ನಿಂತು ಎಸೆಯಬೇಕು. ಬೋಚಿಯಾ ಅಂತ ಇನ್ನೊಂದಿದೆ. ಅದರಲ್ಲಿ ಮೆತ್ತನೆ ಚೆಂಡು, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಕೈಯಿಂದ ಎಸೆಯಲು ಆಗದವರು ಇಳಿಜಾರು ಪಟ್ಟಿಯ (ರ್‍ಯಾಂಪ್) ಮೂಲಕ ಚೆಂಡು ಉರುಳಿಸುತ್ತಾರೆ. ಹೆಸರು ಒಂದೇ ಥರ ಕೇಳಿಸಿದರೂ ಆಟ ಬೇರೆ. ಬೊಚ್ಚೆ ಇರುವುದು ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ. ಬೌದ್ಧಿಕ ಸವಾಲಿರುವ ಆಟಗಾರರು ಅಲ್ಲಿ ಆಡುವುದನ್ನು ಅವಕಾಶ ಸಿಕ್ಕರೆ ನೋಡಿ. ಒಂದೊಂದು ಚೆಂಡಿಗೂ ಅವರು ತೆಗೆದುಕೊಳ್ಳುವ ಸಮಯ, ಕೊಡುವ ಗಮನ ನೋಡಿ ನಾನು ಎಷ್ಟೋ ಕಲಿತಿದ್ದೇನೆ.

ತಂಡ ಸೋಲುತ್ತದೆ ಅನ್ನುವ ಭಯ ನಿಮಗಿದೆ. ಹಾಗಿದ್ದರೆ ಮೊದಲ ಚೆಂಡು ನನಗೆ ಕೊಡಿ ಅಂತ ಕೇಳಿ. ಹೊಸಬರನ್ನು ಕೊನೆಗೆ ಇಡುವುದು ದೊಡ್ಡ ತಪ್ಪು. ಕೊನೆಯ ಚೆಂಡಿನ ಹೊತ್ತಿಗೆ ಅಂಕಣದ ತುಂಬ ಚೆಂಡುಗಳಿರುತ್ತವೆ, ದಾರಿ ಹುಡುಕಬೇಕು, ಹೊಡೆಯಬೇಕಾಗಬಹುದು, ಎಲ್ಲರ ಕಣ್ಣೂ ನಿಮ್ಮ ಮೇಲಿರುತ್ತದೆ. ಮೊದಲ ಚೆಂಡಿಗೆ ಅಂಕಣ ಖಾಲಿ. ನೀವು ಅಭ್ಯಾಸ ಮಾಡಿದ್ದು ಅದನ್ನೇ. ಅದು ಪಲ್ಲೀನೊದ ಮುಂದೆ ಅರ್ಧ ಮೀಟರಿನೊಳಗೆ ನಿಂತರೂ ಎದುರಾಳಿಗೆ ತಲೆಬಿಸಿ ಶುರುವಾಗುತ್ತದೆ.

ದೂರ ಅಳೆಯುವಾಗ ಟೇಪು ಹಿಡಿಯುವ ಕೆಲಸವನ್ನೂ ಮುಂದೆ ಬಂದು ಮಾಡಿ. ಅಳತೆ ಪಲ್ಲೀನೊದ ಅಂಚಿನಿಂದ ಚೆಂಡಿನ ಹತ್ತಿರದ ಅಂಚಿಗೆ. ಎರಡೂ ತಂಡ ಒಪ್ಪುವವರೆಗೆ ಯಾವ ಚೆಂಡನ್ನೂ ಎತ್ತಬೇಡಿ. ಅಳೆಯುತ್ತಾ ಅಳೆಯುತ್ತಾ ಕಣ್ಣಿಗೆ ಸೆಂಟಿಮೀಟರ್ ಗುರುತು ಸಿಗುತ್ತದೆ.

ಮುಂದಿನ ಆಟಕ್ಕೆ ಅರ್ಧ ಗಂಟೆ ಮುಂಚೆ ಹೋಗಿ. ಎಷ್ಟು ಅಂಕಕ್ಕೆ ಆಟ, ಹಿಂದಿನ ಹಲಗೆಯ ನಿಯಮ ಏನು, ಮುಟ್ಟಿದ ಚೆಂಡಿಗೆ ಎಷ್ಟು ಅಂಕ ಅಂತ ಕೇಳಿಕೊಳ್ಳಿ. ಆಮೇಲೆ ನಾಲ್ಕು ಚೆಂಡು ತೆಗೆದುಕೊಂಡು ಕೈಯನ್ನು ತೊಡೆಯ ನಡುವಿನ ಎತ್ತರಕ್ಕೆ ಒಯ್ದು ಒಂದೊಂದಾಗಿ ಬಿಡಿ. ಅವು ನಿಂತ ಜಾಗಕ್ಕೆ ಹೆಜ್ಜೆ ಎಣಿಸಿಕೊಂಡು ನಡೆದು ಹೋಗಿ. ಆ ಎಣಿಕೆಯನ್ನು ತಲೆಯಲ್ಲಿಟ್ಟುಕೊಂಡು ವಾಪಸ್ ಬನ್ನಿ. ಪಲ್ಲೀನೊ ಬಿದ್ದಾಗ, ಅದು ಆ ಜಾಗಕ್ಕಿಂತ ಮುಂದಿದೆಯೋ ಹಿಂದಿದೆಯೋ ಅಂತ ಅಷ್ಟೇ ನೋಡಿ. ಮುಂದಿದ್ದರೆ ಕೈ ಸ್ವಲ್ಪ ಮೇಲಿಂದ, ಹಿಂದಿದ್ದರೆ ಸ್ವಲ್ಪ ಕೆಳಗಿಂದ.